ಅಪ್‌ಡೇಟ್: ಒಬ್ಬಳೇ ಅಭ್ಯಾಸಕ್ಕೆ ಕೂತರೆ ಶ್ರುತಿ ಜಾರುತ್ತೆ ಅಂದಿದ್ದೆನಲ್ಲ

ಒಂದೂವರೆ ತಿಂಗಳ ಹಿಂದೆ ಕೇಳಿದ್ದೆ. ಹಿಂದೂಸ್ತಾನಿ ಸಂಗೀತದ ಕ್ಲಾಸು ಭಾನುವಾರ ಮಾತ್ರ, ಗುರುಗಳ ಮುಂದೆ ಸರಿ ಬರುವ ಅಲಂಕಾರ (ಸ್ವರಗಳನ್ನು ಜೋಡಿಸಿ ಹಾಡುವ ಅಭ್ಯಾಸ) ಮನೆಯಲ್ಲಿ ಬುಧವಾರದ ಹೊತ್ತಿಗೆ ಕೆಡುತ್ತೆ, ಗಂಟಲೂ ನೋಯುತ್ತೆ, ಏನು ಮಾಡಲಿ ಅಂತ.

ನೀವು ಹೇಳಿದಂತೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಅಯ್ಯೋ! ಬಿಲಾವಲ್ ರಾಗದ ಆರೋಹದಲ್ಲಿ, ಅಂದ್ರೆ ಸ್ವರ ಏರುವಾಗ, ಮೇಲಿನ ಸಾ ಹತ್ತಿರ ಬಂದಾಗೆಲ್ಲ ನಿ ಸ್ವಲ್ಪ ಇಳಿಯುತ್ತಿತ್ತು. ಹಾಡುವಾಗ ನನಗೆ ಗೊತ್ತೇ ಆಗಿರಲಿಲ್ಲ. ಇನ್ನೊಂದು ಕಾರಣ ನಗು ಬರಿಸುವಂಥದ್ದು. ನಮ್ಮ ರಾಯಚೂರಿನ ಸೆಕೆಗೆ ಫ್ಯಾನಿಲ್ಲದೆ ಕೂರೋದು ಕಷ್ಟ ಅಲ್ವಾ? ಆ ಫ್ಯಾನಿನ ಗುಂಯ್ ಸದ್ದು ಶ್ರುತಿ ಹಿಡಿದುಕೊಡುವ ತಂಬೂರಿ ಆಪ್‌ಗೆ ಅಡ್ಡ ಬರುತ್ತಿತ್ತು. ಈಗ ಬೆಳಿಗ್ಗೆ 5.30ಕ್ಕೇ, ಫ್ಯಾನ್ ಆರಿಸಿ ಕೂರುತ್ತೇನೆ. ಇಯರ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ನನ್ನ ದನಿಗೆ.

ಮೊದಲ 10 ನಿಮಿಷ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಆಕಾರ, ಅಂದ್ರೆ ಬರೀ ‘ಆ’ ಅಂತ ಹಾಡೋದು, ಸುಮ್ನೆ ಉಸಿರು ಇರುವಷ್ಟು. ಆಮೇಲೆ ‘ಸರೆಗ, ರೆಗಮ’ ನಿಧಾನವಾಗಿ, ನಂತರ ದುಗುಣ್, ಅಂದ್ರೆ ಎರಡು ಪಟ್ಟು ವೇಗದಲ್ಲಿ. ಗಂಟಲು ಬಿಗಿಯಾದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಮೊದಲು ಒಂದೇ ಏಟಿಗೆ ಒಂದು ಗಂಟೆ ಕಿರುಚುತ್ತಿದ್ದೆ, ನೋವಿಗೆ ಅದೇ ಕಾರಣ ಅನಿಸುತ್ತೆ. ಈಗ 25 ನಿಮಿಷ, ಸಂಜೆ ಮನಸ್ಸಾದರೆ ಇನ್ನು 15. ನೋವಿಲ್ಲ.

ಕ್ಲಾಸನ್ನೇ ರೆಕಾರ್ಡ್ ಮಾಡಿಕೊಳ್ಳಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಕೇಳಲು ಹಿಂಜರಿದಿದ್ದೆ, ಗುರುಗಳು ತಕ್ಷಣ ಒಪ್ಪಿದರು. ತಾನ್ (ಸ್ವರಗಳನ್ನು ವೇಗವಾಗಿ ಓಡಿಸೋದು) ಮಾತ್ರ ಇನ್ನೂ ಜಾಳುಜಾಳಾಗಿದೆ. ಅವ್ವ ಅಂತೂ ಹಾಲು ತರೋ ಹೊತ್ತಿಗೆ ಅಲಾರಂ ಬೇಕಾಗಿಲ್ಲ ಅಂತಾಳೆ.