ಕೈಯಾರೆ ಕಟ್ಟಿದ ಟೂ-ವೇ ಸ್ಪೀಕರ್: ಬೇಸ್ ಗುಂಯ್ ಅನ್ನುತ್ತೆ, ದನಿ ಚುಚ್ಚುತ್ತೆ. ಬಲ್ಲವರು ದಾರಿ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರೂವರೆ ಇಂಚಿನ ವೂಫರ್ (ಕೆಳಸ್ವರಕ್ಕೆ), ಒಂದು ಇಂಚಿನ ಸಿಲ್ಕ್ ಡೋಮ್ ಟ್ವೀಟರ್ (ಮೇಲುಸ್ವರಕ್ಕೆ) ಹಾಕಿ ಒಂದು ಜೊತೆ ಕಟ್ಟಿದ್ದೇನೆ. ವೂಫರ್ ಜೊತೆ ಬಂದ ಅಂಕಿಗಳು: ಎಫ್‌ಎಸ್ (ಕೋನ್ ತಾನಾಗಿ ಕಂಪಿಸುವ ಆವರ್ತನ) 40 ಹರ್ಟ್ಜ್, ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆಂಬ ಅಂಕಿ) 0.35, ವಿಎಎಸ್ (ಕೋನಿನ ಬಿಗಿಗೆ ಸಮನಾದ ಗಾಳಿಯ ಗಾತ್ರ) 20 ಲೀಟರ್, ಡಿ.ಸಿ. ರೆಸಿಸ್ಟೆನ್ಸ್ 5.6 ಓಮ್, ಇಂಡಕ್ಟೆನ್ಸ್ 0.7 ಮಿಲಿಹೆನ್ರಿ. ಪೆಟ್ಟಿಗೆ 18 ಮಿ.ಮೀ. ಎಂಡಿಎಫ್, ಒಳ ಅಗಲ 18, ಆಳ 25, ಎತ್ತರ 36 ಸೆಂ.ಮೀ. ಪೋರ್ಟ್ (ಗಾಳಿ ಆಡುವ ಪೈಪು) 5 ಸೆಂ.ಮೀ. ಒಳವ್ಯಾಸ, 10 ಸೆಂ.ಮೀ. ಉದ್ದ. ಕ್ರಾಸ್‌ಓವರ್ (ಸದ್ದನ್ನು ವೂಫರ್, ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಅಂಗಡಿಯ ರೆಡಿಮೇಡ್ ಬೋರ್ಡ್, ಮೇಲೆ "3 ಕಿಲೋಹರ್ಟ್ಜ್, 8 ಓಮ್" ಎಂದಿದೆ. ಮೃದಂಗದ ಎಡಮುಖದ ತೊಪ್ಪಿ ಎಲ್ಲಿ ಬಿದ್ದರೂ ಒಂದೇ ಗುಂಯ್. ಹಾಡುವವರ ದನಿ ಕಿರುಚಿದ ಹಾಗೆ, ಸ-ಶ ಕಿವಿಗೆ ಚುಚ್ಚುತ್ತವೆ. ವೂಫರ್ ಬದಲಿಸಬೇಕೇ? ಊರು ಉಡುಪಿ.

ಉತ್ತರ 1

ವೂಫರ್ ಬದಲಿಸಬೇಡಿ ಸರ್, ಅದು ಒಳ್ಳೆಯ ವೂಫರೇ. ಪೆಟ್ಟಿಗೆಯ ಗಾತ್ರವೂ ಸರಿಯಿದೆ. ತಪ್ಪಿರುವುದು ಪೋರ್ಟ್ ಉದ್ದ.

ನಿಮ್ಮ ಒಳ ಅಳತೆಗೆ 16.2 ಲೀಟರ್ ಬರುತ್ತದೆ. ವೂಫರ್ ಬೆನ್ನು, ಪೈಪು ಸೇರಿ ಸುಮಾರು ಒಂದು ಲೀಟರ್ ಕಳೆದರೆ ಉಳಿಯುವುದು 15. ನೆವಿಲ್ ಥೀಲ್ 1961ರಲ್ಲಿ ಶುರುಮಾಡಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದ ಲೆಕ್ಕದ ಪ್ರಕಾರ ಈ ವೂಫರ್‌ಗೆ ಬೇಕಾದದ್ದೂ ಹೆಚ್ಚುಕಡಿಮೆ 15 ಲೀಟರೇ, ಟ್ಯೂನಿಂಗ್ (ಪೈಪಿನ ಗಾಳಿ ಮೊಳಗುವ ಆವರ್ತನ) 42-43 ಹರ್ಟ್ಜ್. ಹಾಗೆ ಮಾಡಿದರೆ 45 ಹರ್ಟ್ಜ್‌ವರೆಗೆ ಬೇಸ್ ಸಪಾಟಾಗಿ ಇಳಿಯುತ್ತದೆ. ನಿಮ್ಮ 10 ಸೆಂ.ಮೀ. ಪೈಪು ಪೆಟ್ಟಿಗೆಯನ್ನು ಸುಮಾರು 54 ಹರ್ಟ್ಜ್‌ಗೆ ಟ್ಯೂನ್ ಮಾಡಿದೆ. ಅದರ ಮೇಲುಗಡೆ ಒಂದು ಗುಡ್ಡ ಎದ್ದಿದೆ, ತೊಪ್ಪಿಯ ಪೆಟ್ಟೆಲ್ಲ ಆ ಗುಡ್ಡದಲ್ಲೇ ಮೊಳಗುತ್ತಿದೆ.

ಪೈಪು 18.5 ಸೆಂ.ಮೀ. ಇರಲಿ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪು ಸಾಕು, ಆದರೆ ಒಳವ್ಯಾಸ ಅಳೆದು ತನ್ನಿ; ಪೈಪಿನ ಮೇಲೆ ಬರೆದಿರುವುದು ಹೊರವ್ಯಾಸ. ಒಳತುದಿಗೂ ಎದುರಿನ ಹಲಗೆಗೂ ಪೈಪಿನ ವ್ಯಾಸದಷ್ಟಾದರೂ ಜಾಗ ಬೇಕು, ನಿಮಗೆ 6.5 ಸೆಂ.ಮೀ. ಉಳಿಯುತ್ತದೆ, ತೊಂದರೆಯಿಲ್ಲ. ಮೊದಲು 20 ಸೆಂ.ಮೀ. ಕತ್ತರಿಸಿ, ಇಂಪಿಡೆನ್ಸ್ (ಆವರ್ತನಕ್ಕೆ ತಕ್ಕಂತೆ ಬದಲಾಗುವ ತಡೆ) ನೋಡುತ್ತ ಅರ್ಧರ್ಧ ಸೆಂಟಿಮೀಟರ್ ಕಡಿಮೆ ಮಾಡಿ. ಗಾಳಿಯ ಬುಸ್ ಸದ್ದು ಬರಬಾರದೆಂದು 6.5 ಸೆಂ.ಮೀ. ಪೈಪಿಗೆ ಹೋದರೆ ಉದ್ದ 33 ಸೆಂ.ಮೀ. ಆಗುತ್ತದೆ, ಬೆಂಡ್ ಹಾಕದೆ ಒಳಗೆ ಹಿಡಿಸುವುದಿಲ್ಲ. ಅದಕ್ಕಿಂತ 5ರಲ್ಲೇ ಇದ್ದು ಹೊರತುದಿಯ ಅಂಚನ್ನು ದುಂಡಗೆ ಉಜ್ಜಿ.

ಉತ್ತರ 2

ಪೋರ್ಟ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಕಿರುಚುವುದಕ್ಕೆ ಕಾರಣ ಆ ಬೋರ್ಡು. ರೆಡಿಮೇಡ್ ಕ್ರಾಸ್‌ಓವರ್ ಯಾವ ಸ್ಪೀಕರಿಗೂ ಸರಿಹೊಂದದು ಎಂದು ಖಡಾಖಂಡಿತ ಹೇಳುತ್ತೇನೆ, ಯಾಕೆಂದು ಕೇಳಿ.

ಪಠ್ಯಪುಸ್ತಕದ ಲೆಕ್ಕ ಹಿಡಿದು 3 ಕಿಲೋಹರ್ಟ್ಜ್, 8 ಓಮ್‌ಗೆ 0.6 ಮಿಲಿಹೆನ್ರಿ ಕಾಯಿಲ್, 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿರುತ್ತಾರೆ. ನಿಮ್ಮ ವೂಫರ್ ಅಲ್ಲಿ 8 ಓಮ್ ಆಗಿರುವುದೇ ಇಲ್ಲ. 0.7 ಮಿಲಿಹೆನ್ರಿಯ ಕಾರಣ 3 ಕಿಲೋಹರ್ಟ್ಜ್‌ನಲ್ಲಿ ಅದು 14 ಓಮ್ ಹತ್ತಿರ. ಹೊರೆ ಹಗುರಾದಾಗ ಫಿಲ್ಟರ್ ಇಳಿಯುವ ಬದಲು ಏರುತ್ತದೆ, ಏರುವುದು ಕಿವಿ ಅತಿ ಚುರುಕಾಗಿರುವ ಜಾಗದಲ್ಲೇ.

ಇನ್ನೊಂದು, ಬ್ಯಾಫಲ್ ಸ್ಟೆಪ್. ನಿಮ್ಮ ಮುಂಹಲಗೆ 21.6 ಸೆಂ.ಮೀ. ಅಗಲ. 115ನ್ನು ಮೀಟರಿನಲ್ಲಿರುವ ಅಗಲದಿಂದ ಭಾಗಿಸಿದರೆ 530 ಹರ್ಟ್ಜ್ ಚಿಲ್ಲರೆ. ಅದಕ್ಕಿಂತ ಕೆಳಗಿನ ಸದ್ದು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗುತ್ತದೆ, ಮೇಲಿನದು ಮುಂದಕ್ಕೇ ಬರುತ್ತದೆ. ವ್ಯತ್ಯಾಸ ಬಯಲಿನಲ್ಲಿ 6 ಡೆಸಿಬೆಲ್‌ವರೆಗೆ, ಕೋಣೆಯಲ್ಲಿ 3-4. ಬೋರ್ಡಿಗೆ ನಿಮ್ಮ ಹಲಗೆಯ ಅಗಲ ಗೊತ್ತಿಲ್ಲವಲ್ಲ!

ಮಾಡಬೇಕಾದ್ದು: ವೂಫರ್‌ಗೆ ಸರಣಿಯಲ್ಲಿ 1.2ರಿಂದ 1.5 ಮಿಲಿಹೆನ್ರಿಯ ಏರ್-ಕೋರ್ ಕಾಯಿಲ್. ದೊಡ್ಡ ಕಾಯಿಲ್ ಬ್ಯಾಫಲ್ ಸ್ಟೆಪ್ಪನ್ನೂ ತುಂಬಿಕೊಡುತ್ತದೆ. ವೂಫರ್‌ಗೆ ಸಮಾನಾಂತರವಾಗಿ ಝೊಬೆಲ್ (ವೂಫರಿನ ಇಂಪಿಡೆನ್ಸ್ ಏರದಂತೆ ಹಿಡಿಯುವ ಜೋಡಿ): 7 ಓಮ್, 14-15 ಮೈಕ್ರೋಫ್ಯಾರಡ್, ಎರಡೂ ಒಂದರ ಹಿಂದೊಂದು. ರೆಸಿಸ್ಟರ್ ಡಿ.ಸಿ. ರೆಸಿಸ್ಟೆನ್ಸಿನ 1.25 ಪಟ್ಟು, ಇಂಡಕ್ಟೆನ್ಸನ್ನು ಆ ರೆಸಿಸ್ಟರಿನ ವರ್ಗದಿಂದ ಭಾಗಿಸಿದರೆ ಕೆಪಾಸಿಟರ್. ಕಾಯಿಲಿನ ಸ್ವಂತ ರೆಸಿಸ್ಟೆನ್ಸ್ 0.5 ಓಮ್ ಮೀರದಿರಲಿ, ಮೀರಿದರೆ ವೂಫರಿನ ಕ್ಯೂಟಿಎಸ್ ಏರಿ ಬೇಸ್ ಮತ್ತೆ ಸಡಿಲವಾಗುತ್ತದೆ.

ಕ್ರಾಸ್‌ಓವರ್ ಬಿಂದು (ಸದ್ದು ವೂಫರಿನಿಂದ ಟ್ವೀಟರಿಗೆ ದಾಟುವ ಆವರ್ತನ) 2.2 ಕಿಲೋಹರ್ಟ್ಜ್ ಆಸುಪಾಸಿಗೆ ಇಳಿಸಿ. ಆರೂವರೆ ಇಂಚಿನ ಕೋನ್ ಸದ್ದು ಹೊರಡಿಸುವ ಭಾಗ 13 ಸೆಂ.ಮೀ.; 2.6 ಕಿಲೋಹರ್ಟ್ಜ್ ದಾಟಿದರೆ ಸದ್ದು ಟಾರ್ಚಿನ ಬೆಳಕಿನಂತೆ ಕಿರಿದಾಗುತ್ತದೆ. ಆದರೆ ಟ್ವೀಟರಿನ ಎಫ್‌ಎಸ್ 1,000 ಹರ್ಟ್ಜ್‌ಗಿಂತ ಕೆಳಗಿದ್ದರೆ ಮಾತ್ರ ಇದು ಕ್ಷೇಮ.

ಸ-ಶ ಚುಚ್ಚುವುದಕ್ಕೆ ಟ್ವೀಟರ್ ಮಟ್ಟ ತಗ್ಗಿಸಿ. 4 ಡೆಸಿಬೆಲ್ ಇಳಿಸಲು ಎಲ್-ಪ್ಯಾಡ್: ಸರಣಿಯಲ್ಲಿ 3 ಓಮ್, ಟ್ವೀಟರಿಗೆ ಅಡ್ಡಲಾಗಿ 13-14 ಓಮ್, ಎರಡೂ 10 ವಾಟ್. ಎಲ್-ಪ್ಯಾಡ್ ಕೆಪಾಸಿಟರ್ ಆದ ಮೇಲೆ ಬರಲಿ. ಮುಂದೆ ಹಾಕಿದರೆ ಕ್ರಾಸ್‌ಓವರ್ ಬಿಂದುವೇ ಸರಿದುಹೋಗುತ್ತದೆ.

ಈ ಅಂಕಿಗಳೆಲ್ಲ ಶುರುಮಾಡಲು ಮಾತ್ರ. ಅಳೆಯದೆ ಬೆಸುಗೆ ಹಾಕಬೇಡಿ.

ಉತ್ತರ 3

ಉಡುಪಿ ಎಂದಿರಲ್ಲ, ಎಂಡಿಎಫ್ ಅಂಚುಗಳ ಕಡೆ ನೋಡಿಕೊಳ್ಳಿ. ಕತ್ತರಿಸಿದ ಅಂಚು ಮಳೆಗಾಲದ ತೇವ ಹೀರಿ ಉಬ್ಬುತ್ತದೆ, ಕೂಡಿಕೆ ಬಿಡುತ್ತದೆ. ಫೆವಿಕಾಲ್‌ಗೆ ನೀರು ಬೆರೆಸಿ ಅಂಚುಗಳಿಗೆ ಎರಡು ಸಲ ಬಳಿಯಿರಿ, ಒಣಗಿದ ಮೇಲೆ ಉಜ್ಜಿ ಪೇಂಟ್ ಮಾಡಿ. ಪೋರ್ಟ್ ತೂತಿನ ಒಳ ಅಂಚು, ವೂಫರ್ ತೂತಿನ ಅಂಚು ಮರೆಯಬೇಡಿ. ಮುಂದಿನ ಜೊತೆಗೆ ಐಎಸ್ 710 ಮೆರೈನ್ ಪ್ಲೈ ಒಳ್ಳೆಯದು. ಎಂಡಿಎಫ್ ಕೊಯ್ಯುವಾಗ ಮಾಸ್ಕ್ ಕಡ್ಡಾಯ.

ಸೋರಿಕೆ ನೋಡಿ. ಪೋರ್ಟನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಕೋನನ್ನು ಎರಡೂ ಕಡೆ ಸಮವಾಗಿ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ಮರಳಿದರೆ ಸರಿ, ತಟಕ್ಕನೆ ಬಂದರೆ ಎಲ್ಲೋ ಗಾಳಿ ಹೋಗುತ್ತಿದೆ. ಹೆಚ್ಚಿನ ಸಲ ಹಿಂದಿನ ಟರ್ಮಿನಲ್ ಕಪ್ಪೇ ಕಳ್ಳ.

36 ಸೆಂ.ಮೀ. ಎತ್ತರದಿಂದ 478 ಹರ್ಟ್ಜ್‌ನಲ್ಲಿ ಒಳಗೆ ಅಲೆ ನಿಲ್ಲುತ್ತದೆ, ಮಾತು ಕೊಡದೊಳಗಿಂದ ಬಂದ ಹಾಗಾಗುತ್ತದೆ. ಮೇಲೆ, ಕೆಳಗೆ, ವೂಫರ್ ಹಿಂದೆ ದಪ್ಪ ಫೆಲ್ಟ್ ಅಂಟಿಸಿ. ಪೋರ್ಟ್ ಬಾಯಿಗೆ ಏನೂ ಅಡ್ಡ ಬರಬಾರದು.

ಪ್ರಶ್ನೆ ಕೇಳಿದವರು

ಮೂವರಿಗೂ ತುಂಬ ಧನ್ಯವಾದ. ಅಳೆಯುವುದು ಹೇಗೆ? ದುಬಾರಿ ಉಪಕರಣ ಬೇಕೇ?

ಉತ್ತರ 2

ಬೇಡ ಸರ್. ಸದ್ದು ಅಳೆಯುವ ಆರ್‌ಇಡಬ್ಲ್ಯೂ ಉಚಿತ ತಂತ್ರಾಂಶ, ಕ್ರಾಸ್‌ಓವರ್ ವಿನ್ಯಾಸಕ್ಕಿರುವ ವಿಟುಯಿಕ್ಸ್‌ಕ್ಯಾಡ್ ಕೂಡ ಉಚಿತ. ಖರ್ಚು ಬರುವುದು ಕ್ಯಾಲಿಬ್ರೇಷನ್ ಫೈಲ್ ಇರುವ ಒಂದು ಮೈಕಿಗೆ. ಇಂಪಿಡೆನ್ಸ್ ಅಳೆಯಲು ಸ್ಟೀರಿಯೋ ಲೈನ್-ಇನ್ ಇರುವ ಸೌಂಡ್ ಕಾರ್ಡು, 100 ಓಮ್ ರೆಸಿಸ್ಟರ್ ಸಾಕು. ರೇಖೆಯಲ್ಲಿ ಎರಡು ಗುಡ್ಡ ಕಾಣುತ್ತವೆ, ನಡುವಿನ ಕಣಿವೆಯ ತಳವೇ ಪೆಟ್ಟಿಗೆಯ ಟ್ಯೂನಿಂಗ್. ಪೈಪು ಕತ್ತರಿಸುವಾಗ ಇದನ್ನೇ ನೋಡಿ.

ಸದ್ದು ಅಳೆಯುವಾಗ ಟ್ವೀಟರ್ ನೆಲದಿಂದ 1.2 ಮೀಟರ್ ಮೇಲಿರಲಿ, ಅದೇ ಎತ್ತರದಲ್ಲಿ 1 ಮೀಟರ್ ದೂರ ಮೈಕು. ನೆಲದ ಪ್ರತಿಧ್ವನಿ ಸುಮಾರು 4.6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಳತೆಯ ದಾಖಲೆಯನ್ನು ಅದಕ್ಕೆ ಮುಂಚೆ ಕತ್ತರಿಸಿದರೆ 220 ಹರ್ಟ್ಜ್‌ನಿಂದ ಮೇಲಿನದನ್ನು ನಂಬಬಹುದು, ಕೆಳಗಿನದಕ್ಕೆ ಮೈಕನ್ನು ಕೋನಿಗೆ ಒಂದು ಸೆಂಟಿಮೀಟರ್ ಹತ್ತಿರ ಹಿಡಿದು ಬೇರೆಯಾಗಿ ಅಳೆಯಿರಿ. ವೂಫರ್, ಟ್ವೀಟರ್ ಎರಡನ್ನೂ ಪೆಟ್ಟಿಗೆಯಲ್ಲೇ ಕೂರಿಸಿ, ಕ್ರಾಸ್‌ಓವರ್ ಇಲ್ಲದೆ, ಮೈಕು ಅಲುಗಿಸದೆ ಒಂದಾದ ಮೇಲೊಂದು ಅಳೆಯಿರಿ. ಟ್ವೀಟರಿಗೆ 20 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಇರಲೇಬೇಕು. ಆಂಪ್ಲಿಫೈಯರ್ ಒಮ್ಮೆ ಧಡ್ ಎಂದರೂ ಟ್ವೀಟರಿನ ಕಾಯಿಲ್ ಸುಟ್ಟುಹೋಗಬಹುದು.

ಕ್ರಾಸ್‌ಓವರನ್ನು ಮೊದಲು ಹಲಗೆಯ ಮೇಲೆ ಕ್ಲಿಪ್ಪಿನಲ್ಲೇ ಕಟ್ಟಿ. ಕಾಯಿಲುಗಳು ಒಂದಕ್ಕೊಂದು ಲಂಬವಾಗಿ, ದೂರದೂರ ಇರಲಿ. ಆಮೇಲೆ ಟ್ವೀಟರಿನ ತಂತಿ ತಿರುಗಿಸಿ ಅಳೆಯಿರಿ: ಕ್ರಾಸ್‌ಓವರ್ ಬಿಂದುವಿನಲ್ಲಿ ಆಳವಾದ, ಎರಡು ಬದಿಯೂ ಒಂದೇ ಥರದ ಗುಂಡಿ ಬಿದ್ದರೆ ವೂಫರ್, ಟ್ವೀಟರ್ ಎರಡೂ ಒಟ್ಟಿಗೆ ಹೆಜ್ಜೆ ಹಾಕುತ್ತಿವೆ ಎಂದರ್ಥ. ಆಗ ತಂತಿ ಮೊದಲಿನಂತೆ ಹಾಕಿ. ಗುಂಡಿ ಸೊಟ್ಟಗಿದ್ದರೆ ಟ್ವೀಟರ್ ಕಡೆಯ ಕೆಪಾಸಿಟರನ್ನು 1 ಮೈಕ್ರೋಫ್ಯಾರಡ್‌ನಂತೆ ಬದಲಿಸುತ್ತ ಹೋಗಿ.

ಉತ್ತರ 1

ಒಂದು ಮಾತು ಸೇರಿಸುತ್ತೇನೆ. ಇಷ್ಟಾದ ಮೇಲೂ ಬೇಸ್ ಮೊಳಗಿದರೆ ಅದು ಕೋಣೆಯದ್ದು. 4 ಮೀಟರ್ ಉದ್ದದ ಕೋಣೆ 43 ಹರ್ಟ್ಜ್‌ನಲ್ಲಿ ತಾನೇ ಮೊಳಗುತ್ತದೆ. ಕ್ರಾಸ್‌ಓವರ್ ಮುಟ್ಟಬೇಡಿ. ಸ್ಪೀಕರನ್ನು ಗೋಡೆಯಿಂದ ಹತ್ತು ಹತ್ತು ಸೆಂಟಿಮೀಟರ್ ಮುಂದೆ ತರುತ್ತ, ಕೂರುವ ಕುರ್ಚಿಯನ್ನೂ ಹಿಂದಿನ ಗೋಡೆಯಿಂದ ಬಿಡಿಸಿ, ಅದೇ ತೊಪ್ಪಿಯನ್ನು ಮತ್ತೆ ಕೇಳಿ.