ಕೆ-ಎನ್ ಪದಗಳು, ಜಾನು ಮತ್ತು ಜಾಣ

ಇಂಗ್ಲಿಶಿನಲ್ಲಿ ಕೆ, ಎನ್ ಜೋಡಿಯಿಂದ ಶುರುವಾಗುವ ಪದಗಳ ಬಗ್ಗೆ ಒಂದಿಷ್ಟು ಹೇಳಿ, ಕೊನೆಗೆ ಕನ್ನಡದ ಒಂದು ಪದದ ಬಗ್ಗೆ ಕೇಳಬೇಕಿದೆ.

ಪದಗಳು ನಿಮಗೆ ಗೊತ್ತಿರುವವೇ. ನೋ ಅಂದರೆ ತಿಳಿ, ನೀ ಅಂದರೆ ಮಂಡಿ, ನೀಲ್ ಅಂದರೆ ಮಂಡಿಯೂರು, ನೈಫ್ ಅಂದರೆ ಚಾಕು, ನಾಟ್ ಅಂದರೆ ಗಂಟು, ನಿಟ್ ಅಂದರೆ ಹೆಣೆ, ನೀಡ್ ಅಂದರೆ ಹಿಟ್ಟು ನಾದು, ನಕಲ್ ಅಂದರೆ ಬೆರಳ ಗೆಣ್ಣು, ನೇವ್ ಅಂದರೆ ಠಕ್ಕ. ಎಲ್ಲದರಲ್ಲೂ ಕೆ ಬರೆಯಬೇಕು, ಓದಬಾರದು. ಕನ್ನಡದಲ್ಲಿ ಬರೆದರೆ ಕೆ ಮಾಯವೇ ಆಗುತ್ತದೆ. ಕುದುರೆ ಏರಿದ ವೀರನೂ ‘ನೈಟ್’, ರಾತ್ರಿಯೂ ‘ನೈಟ್’!

ಹಿಂದೆ ಈ ಕೆ ಬಾಯಲ್ಲೂ ಇತ್ತು. ಹಳೆಯ ಇಂಗ್ಲಿಶಿನಲ್ಲಿ ನೈಟ್ ಪದ ಹೆಚ್ಚುಕಡಿಮೆ ‘ಕ್ನಿಹ್ಟ್’ ಅಂತ ಇತ್ತು. ಅರ್ಥ ಹುಡುಗ, ಆಳು. ನೇವ್ ಪದಕ್ಕೂ ಮೊದಲಿದ್ದ ಅರ್ಥ ಹುಡುಗ ಅಂತಲೇ. ಒಬ್ಬ ಹುಡುಗ ಮೇಲೇರಿ ಸರದಾರನಾದ, ಇನ್ನೊಬ್ಬ ಕೆಳಗಿಳಿದು ಠಕ್ಕನಾದ. ಜರ್ಮನ್ನರು ಇಂದಿಗೂ ಮಂಡಿಗೆ ‘ಕ್ನೀ’ ಅಂತ ಕೆ ಹಚ್ಚಿಯೇ ಹೇಳುತ್ತಾರೆ. ಅವರ ‘ಕ್ನಾಬೆ’ ಈಗಲೂ ಹುಡುಗನೇ. ಇಂಗ್ಲೆಂಡಿಗೆ ಕ್ಯಾಕ್ಸ್ಟನ್ ಅಚ್ಚುಮೊಳೆ ತಂದದ್ದು 1476ರಲ್ಲಿ. ಆಗಿನ್ನೂ ಕೆ ಕೇಳಿಸುತ್ತಿತ್ತು. ಅದು ನಾಲಿಗೆಯಿಂದ ಜಾರಿದ್ದು 17ನೇ ಶತಮಾನದ ಹೊತ್ತಿಗೆ. ಅಷ್ಟರಲ್ಲಿ ಪುಸ್ತಕದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಕನ್ನಡದವರಿಗೆ ಈ ಕೆ ತುಂಬಾ ಉಪಯೋಗಕ್ಕೆ ಬರುತ್ತದೆ. 1822ರಲ್ಲಿ ಜರ್ಮನ್ ಭಾಷಾ ವಿದ್ವಾಂಸ ಯಾಕೋಬ್ ಗ್ರಿಮ್ ಒಂದು ನಿಯಮವನ್ನು ಬಿಡಿಸಿ ತೋರಿಸಿದ. ಲ್ಯಾಟಿನ್, ಗ್ರೀಕಿನಲ್ಲಿ ‘ಗ’ ಇರುವ ಕಡೆ ಇಂಗ್ಲಿಶ್, ಜರ್ಮನ್ ಬಳಗದಲ್ಲಿ ‘ಕ’ ಬರುತ್ತದೆ. ಅದೇ ಜಾಗದಲ್ಲಿ ಸಂಸ್ಕೃತದಲ್ಲಿ ಎಷ್ಟೋ ಸಲ ‘ಜ’ ಸಿಗುತ್ತದೆ. ಮಂಡಿಗೆ ಲ್ಯಾಟಿನ್ನಿನಲ್ಲಿ ‘ಗೆನು’, ಗ್ರೀಕಿನಲ್ಲಿ ‘ಗೋನು’, ಸಂಸ್ಕೃತದಲ್ಲಿ ‘ಜಾನು’, ಇಂಗ್ಲಿಶಿನಲ್ಲಿ ಕೆ ಇರುವ ‘ನೀ’. ನಾವು ಆಜಾನುಬಾಹು ಅನ್ನುತ್ತೇವಲ್ಲ, ಅದೇ ಜಾನು. ಮಂಡಿವರೆಗೆ ಕೈ ಚಾಚಿದವನು ಅಂತ ಅರ್ಥ. ಈಗ ದಪ್ಪ ಮೈಯವನಿಗೂ ಅದೇ ಪದ ಹಚ್ಚುತ್ತಾರೆ, ಇರಲಿ. ಹಾಗೆಯೇ ತಿಳಿಯುವುದಕ್ಕೆ ಸಂಸ್ಕೃತದಲ್ಲಿ ‘ಜ್ಞಾ’, ಗ್ರೀಕಿನಲ್ಲಿ ‘ಗ್ನೋ’, ಇಂಗ್ಲಿಶಿನಲ್ಲಿ ಕೆ ಇರುವ ‘ನೋ’. ನಮ್ಮ ಬಾಯಲ್ಲಿ ಜ್ಞಾನ ‘ಗ್ನಾನ’ ಆಗುವುದು ಬೇರೆ ಕಥೆ. ಅದಕ್ಕೂ ಗ್ರೀಕಿಗೂ ಸಂಬಂಧವಿಲ್ಲ.

ಇದೇ ಕೆ, ಇಲ್ಲದ ನೆಂಟಸ್ತಿಕೆಯನ್ನು ಕತ್ತರಿಸಿಯೂ ಹಾಕುತ್ತದೆ. ‘ನೀಡ್’ ಕೇಳಿದ ಕೂಡಲೇ ನಮಗೆ ‘ನಾದು’ ನೆನಪಾಗುತ್ತದೆ. ಹಿಟ್ಟೂ ಒಂದೇ, ಕೆಲಸವೂ ಒಂದೇ, ಸದ್ದೂ ಹತ್ತಿರ. ನೋಡಿ, ಕನ್ನಡದಿಂದಲೇ ಹೋದ ಪದ ಅನ್ನೋಣ ಅನ್ನಿಸುತ್ತದೆ. ಆದರೆ ಹಳೆಯ ಇಂಗ್ಲಿಶಿನಲ್ಲಿ ಅದು ‘ಕ್ನೆದನ್’, ಜರ್ಮನ್ನಿನಲ್ಲಿ ಈಗಲೂ ‘ಕ್ನೇಟನ್’. ಮುಂದಿರುವ ಕೆ ಎಲ್ಲಿಂದ ಬಂತು ಅಂತ ಹೇಳಲಾಗದಿದ್ದರೆ ವಾದ ಅಲ್ಲಿಗೇ ಮುಗಿಯಿತು. ಈಗಿನ ಉಚ್ಚಾರ ಕೇಳಿ ಮೂಲ ಹುಡುಕುವವರು ಮೊದಲು ಕಾಗುಣಿತ ನೋಡಲಿ ಅಂತ ನನ್ನ ತಕರಾರು. ಗಂಟು-ನಾಟ್, ಗೆಣ್ಣು-ನಕಲ್ ಜೋಡಿಗಳನ್ನು ಕಟ್ಟುವವರಿಗೂ ಇದೇ ಮಾತು.

ಇನ್ನು ‘ನೋ’ ಪದದ ಮನೆಯವರು. ಕೆಲವರು ಕೆ-ಎನ್ ವೇಷ ಬಿಟ್ಟು ಸಿ ಹಾಕಿಕೊಂಡು ತಿರುಗುತ್ತಾರೆ. ‘ಕ್ಯಾನ್’ ಅದರಲ್ಲೊಂದು. ಮೊದಲು ಮಾಡುವುದು ಗೊತ್ತು ಅಂತಿತ್ತು, ಆಮೇಲೆ ಮಾಡಬಲ್ಲೆ ಅಂತಾಯಿತು. ನಮ್ಮ ‘ಬಲ್ಲೆ’ ಕೂಡ ಎರಡೂ ಅರ್ಥ ಹೊತ್ತಿದೆ, ಅಲ್ವಾ? ಇನ್ನೊಂದು ‘ಅನ್‌ಕೂತ್’. ಈಗ ಒರಟ ಅಂತ ಅರ್ಥ, ಮೊದಲು ಗೊತ್ತಿಲ್ಲದ್ದು ಅಂತ. ಸಂಸ್ಕೃತದ ‘ಅಜ್ಞಾತ’ಕ್ಕೆ ಒಡಹುಟ್ಟು ಅದು. ಗುರುತಿಲ್ಲದವನು ಒರಟನೇ ಇರಬೇಕು ಅಂತ ಊರವರು ತೀರ್ಮಾನಿಸಿದ ಹಾಗಿದೆ.

ಮೂರನೆಯದು ‘ಕನಿಂಗ್’. ಈಗ ಅದಕ್ಕೆ ಕುತಂತ್ರಿ ಅನ್ನುತ್ತೇವೆ. ಮೊದಲು ತಿಳಿದವನು, ಕೈಚಳಕ ಉಳ್ಳವನು ಅಂತಿತ್ತು. ನಮ್ಮ ‘ಜಾಣ’ ಕೂಡ ಪ್ರಾಕೃತದ ದಾರಿ ಹಿಡಿದು ಅದೇ ‘ಜ್ಞಾ’ದಿಂದ ಬಂದವನು. ಅಂದರೆ ಕನಿಂಗ್ ಮತ್ತು ಜಾಣ ದೂರದ ದಾಯಾದಿಗಳು. ಕನ್ನಡದಲ್ಲಿ ಜಾಣ ಅಷ್ಟೊಂದು ಕೆಟ್ಟಿಲ್ಲ. ಮಗುವಿಗೆ ‘ಜಾಣಮರಿ’ ಅಂತ ಮುದ್ದು ಮಾಡುತ್ತೇವೆ. ಆದರೆ ‘ಜಾಣಕುರುಡು’, ‘ಜಾಣಕಿವುಡು’ ಅಂದಾಗ ಅಲ್ಲಿ ಮೋಸದ ವಾಸನೆ ಇದೆ. ‘ನೀನು ಭಾರಿ ಜಾಣ ಕಣಪ್ಪ’ ಅಂದರಂತೂ ಅದು ಹೊಗಳಿಕೆ ಅಲ್ಲವೇ ಅಲ್ಲ.

ಇಲ್ಲಿಗೆ ನನ್ನ ಪ್ರಶ್ನೆ. ನಿಮ್ಮ ಕಡೆ ದೊಡ್ಡವರಿಗೆ ಜಾಣ ಅಂದರೆ ಅವರು ಖುಷಿಪಡುತ್ತಾರಾ, ಹುಬ್ಬು ಗಂಟಿಕ್ಕುತ್ತಾರಾ? ಉತ್ತರ ಕರ್ನಾಟಕದಲ್ಲಿ ‘ಶಾಣ್ಯಾ’ ಅನ್ನುವವರು ಜಾಣ ಪದವನ್ನೂ ಬಳಸುತ್ತಾರಾ? ಬಳಸಿದರೆ ಎರಡರಲ್ಲಿ ಯಾವುದರಲ್ಲಿ ಕುಟುಕು ಜಾಸ್ತಿ? ಮನೆಯಲ್ಲಿ ಆಡುವ ವಾಕ್ಯದ ಸಮೇತ ಬರೆದರೆ ಒಳ್ಳೆಯದು. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ.