ಇಂಗ್ಲಿಷಿನ ‘ಅನಿಮಲ್’ ಪದಕ್ಕೆ ಎಲ್ಲ ಕಡೆಯೂ ‘ಪ್ರಾಣಿ’ ಎಂದೇ ಬರೆಯಬಹುದೇ?

ಪ್ರಶ್ನೆ

ಶಾಲಾ ಮಕ್ಕಳಿಗಾಗಿ ವಿಜ್ಞಾನ ಲೇಖನಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ‘ಅನಿಮಲ್’ ಎಂಬ ಪದಕ್ಕಾಗಿ ನಿಘಂಟು ತೆರೆಯಬೇಕಾದೀತೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಈಗ ಕೈಯಲ್ಲಿರುವ ಲೇಖನದ ಒಂದು ಕಡೆ ‘ಅನಿಮಲ್ಸ್ ಆ್ಯಂಡ್ ಬರ್ಡ್ಸ್’ ಎಂದಿದೆ, ಇನ್ನೊಂದು ಕಡೆ ಹಕ್ಕಿಗಳನ್ನೂ ಜೇನುನೊಣಗಳನ್ನೂ ಅದೇ ಪದದೊಳಗೆ ಸೇರಿಸಲಾಗಿದೆ, ಮತ್ತೊಂದು ಕಡೆ ಮನುಷ್ಯನೂ ಒಂದು ‘ಅನಿಮಲ್’ ಎಂದು ಹೇಳಿ, ಮುಂದಿನ ಪುಟದಲ್ಲೇ ‘ಮನುಷ್ಯರು ಮತ್ತು ಅನಿಮಲ್‌ಗಳು’ ಎಂದು ಎರಡನ್ನೂ ಬೇರ್ಪಡಿಸಲಾಗಿದೆ. ಎಲ್ಲೆಡೆ ‘ಪ್ರಾಣಿ’ ಎಂದೇ ಬರೆದರೆ ಮಗುವಿಗೆ ಗೊಂದಲವಾಗುವುದಿಲ್ಲವೇ? ಈ ಪದದ ಅರ್ಥವ್ಯಾಪ್ತಿ ಎಷ್ಟು, ಮತ್ತು ಪ್ರಾಣಿ, ಮೃಗ, ಪಶು, ಜಂತು, ಜೀವಿ ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ಲೇಖಕರು ಪದವನ್ನು ತಪ್ಪಾಗಿ ಬಳಸಿಲ್ಲ. ಆ ಪದಕ್ಕೆ ಒಂದರೊಳಗೊಂದು ಅಡಗಿದ ಹಲವು ಅರ್ಥಗಳಿವೆ, ಮತ್ತು ಇಂಗ್ಲಿಷ್ ಬರೆಯುವವರು ಒಂದರಿಂದ ಇನ್ನೊಂದಕ್ಕೆ ಹೇಳದೆಯೇ ದಾಟುತ್ತಾರೆ. ಅತ್ಯಂತ ವಿಶಾಲವಾದ ಅರ್ಥದಲ್ಲಿ ಮನುಷ್ಯ, ಹಕ್ಕಿ, ಮೀನು, ಇರುವೆ, ಎರೆಹುಳು ಎಲ್ಲವೂ ಸೇರುತ್ತವೆ. ಅದಕ್ಕಿಂತ ಕಿರಿದಾದ ಅರ್ಥದಲ್ಲಿ ಮನುಷ್ಯನೊಬ್ಬ ಹೊರಗುಳಿಯುತ್ತಾನೆ. ದಿನಬಳಕೆಯಲ್ಲಿ ಅದು ಇನ್ನೂ ಕುಗ್ಗಿ, ಮೈಮೇಲೆ ರೋಮವಿರುವ ನಾಲ್ಕು ಕಾಲಿನವುಗಳನ್ನು ಮಾತ್ರ ಸೂಚಿಸುತ್ತದೆ. ‘ಅನಿಮಲ್ಸ್ ಆ್ಯಂಡ್ ಬರ್ಡ್ಸ್’ ಎನ್ನುವಾಗ ಇರುವುದು ಈ ಕೊನೆಯ ಅರ್ಥವೇ.

ಕನ್ನಡದ ‘ಪ್ರಾಣಿ’ಯೂ ಹೆಚ್ಚುಕಡಿಮೆ ಇದೇ ರೀತಿ ಹಿಗ್ಗುತ್ತದೆ, ಕುಗ್ಗುತ್ತದೆ. ‘ಪ್ರಾಣಿಪಕ್ಷಿಗಳು’ ಎಂದು ನಾವೂ ಬೇರ್ಪಡಿಸಿ ಹೇಳುತ್ತೇವೆ. ವಿಜ್ಞಾನದ ತರಗತಿಯಲ್ಲಿ ಪಕ್ಷಿಯೂ ಪ್ರಾಣಿಯೇ ಎಂದು ಕಲಿಯುತ್ತೇವೆ. ಎರಡೂ ಪದಗಳ ಹುಟ್ಟು ಕೂಡ ಒಂದೇ ಕಡೆಗೆ ಬೆರಳು ಮಾಡುತ್ತದೆ. ಲ್ಯಾಟಿನ್ ಭಾಷೆಯ ‘ಅನಿಮಾ’ ಎಂದರೆ ಉಸಿರು, ಜೀವ, ಉಸಿರುಳ್ಳದ್ದು ‘ಅನಿಮಲ್’. ಸಂಸ್ಕೃತದಲ್ಲಿ ಉಸಿರಾಡು ಎಂಬ ಅರ್ಥದ ‘ಅನ್’ ಧಾತುವಿನಿಂದ ‘ಪ್ರಾಣ’ ಬಂದಿದೆ, ಪ್ರಾಣವುಳ್ಳದ್ದು ‘ಪ್ರಾಣಿ’. ಈ ಧಾತುವೂ ಆ ಲ್ಯಾಟಿನ್ ಪದವೂ ಒಂದೇ ಪ್ರಾಚೀನ ಮೂಲದವು. ಇಷ್ಟು ಹತ್ತಿರದ ಸಮಾನಪದ ಸಿಗುವುದು ಅನುವಾದಕರ ಪಾಲಿಗೆ ಅಪರೂಪದ ಭಾಗ್ಯ.

ಇಂಗ್ಲಿಷಿನಲ್ಲಿ ಈ ಪದ ಅಷ್ಟೇನೂ ಹಳೆಯದಲ್ಲ. 1600ಕ್ಕಿಂತ ಹಿಂದೆ ಅದರ ಬಳಕೆ ವಿರಳವಾಗಿತ್ತು. ‘ಬೀಸ್ಟ್’ ಎಂಬುದೇ ಜನರ ಪದವಾಗಿತ್ತು, ಮತ್ತು 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ‘ಅನಿಮಲ್’ ಬರುವುದೇ ಇಲ್ಲ. ಮುಂದೆ ‘ಅನಿಮಲ್’ ಆ ಜಾಗಕ್ಕೆ ಬಂದ ಮೇಲೆ ‘ಬೀಸ್ಟ್’ ಎಂಬುದು ಕ್ರೂರವಾದ, ದೊಡ್ಡದಾದ ಮೃಗಕ್ಕೆ ಸೀಮಿತವಾಯಿತು. ನಮ್ಮ ‘ಮೃಗ’ಕ್ಕೂ ಇಂಥದ್ದೇ ಚರಿತ್ರೆಯಿದೆ. ಸಂಸ್ಕೃತದಲ್ಲಿ ಅದು ಜಿಂಕೆಯೂ ಹೌದು, ಕಾಡಿನ ಯಾವುದೇ ಪ್ರಾಣಿಯೂ ಹೌದು. ಇಂಗ್ಲಿಷಿನ ‘ಡಿಯರ್’ ಕೂಡ ಒಂದು ಕಾಲದಲ್ಲಿ ಎಲ್ಲ ಪ್ರಾಣಿಗಳಿಗೆ ಸಲ್ಲುತ್ತಿದ್ದು, ಅನಂತರ ಜಿಂಕೆಯ ಮಟ್ಟಕ್ಕೆ ಇಳಿಯಿತು. ಇಂದಿನ ಕನ್ನಡದಲ್ಲಿ ಮೃಗವೆಂದರೆ ಕಾಡಿನದು, ಬಹುಮಟ್ಟಿಗೆ ಹಿಂಸ್ರವಾದದ್ದು. ಪಶುವೆಂದರೆ ಸಾಕಿದ ಜಾನುವಾರು. ಆದ್ದರಿಂದಲೇ ‘ಅನಿಮಲ್ ಹಸ್ಬೆಂಡ್ರಿ’ ಎಂಬುದು ನಮ್ಮಲ್ಲಿ ‘ಪಶುಸಂಗೋಪನೆ’ಯಾಗಿದೆ. ಜಂತು ಎಂಬುದು ಈಗ ಹುಳುಗಳ ಕಡೆಗೆ ವಾಲಿದೆ. ಜೀವಿ ಎಂದರೆ ಗಿಡಮರಗಳೂ ಸೇರುತ್ತವೆಯಾದ್ದರಿಂದ ಅದು ‘ಅನಿಮಲ್’ ಎಂಬುದಕ್ಕಿಂತ ದೊಡ್ಡದು.

ಎರಡು ಭಾಷೆಗಳೂ ನಿಜವಾಗಿ ಬೇರೆಯಾಗುವುದು ಮನುಷ್ಯನನ್ನು ಕುರಿತು ಆಡುವ ಮಾತಿನಲ್ಲಿ. ಒಬ್ಬನನ್ನು ‘ಅನಿಮಲ್’ ಎಂದು ಕರೆದರೆ ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಬೈಗುಳ. ಕನ್ನಡದಲ್ಲಿ ‘ಪಾಪ, ಬಡಪ್ರಾಣಿ’ ಎಂದರೆ ಅದರಲ್ಲಿ ಕರುಣೆಯಿದೆ. ಆ ಬೈಗುಳದ ಕಾವು ಬೇಕಾದಲ್ಲಿ ‘ಮೃಗ’ ಅಥವಾ ‘ಪಶು’ ಎಂದೇ ಬರೆಯಬೇಕು. ಹಾಗೆಯೇ ಅರಿಸ್ಟಾಟಲ್ ಮನುಷ್ಯನನ್ನು ಕುರಿತು ಹೇಳಿದ ಮಾತು ಇಂಗ್ಲಿಷಿನಲ್ಲಿ ‘ಪೊಲಿಟಿಕಲ್ ಅನಿಮಲ್’ ಎಂದಾಗಿದೆ; ಅವನ ಗ್ರೀಕ್ ಪದಕ್ಕೆ ಜೀವವುಳ್ಳದ್ದು ಎಂಬ ಅರ್ಥವಿದೆ, ಮತ್ತು ಅವನು ಹೇಳಿದ್ದು ಸಹಜವಾಗಿ ನಗರಸಮುದಾಯದಲ್ಲಿ ಕೂಡಿ ಬಾಳುವ ಜೀವಿಯನ್ನು ಕುರಿತು. ಅದಕ್ಕೆ ‘ರಾಜಕೀಯ ಪ್ರಾಣಿ’ಗಿಂತ ನಮ್ಮ ‘ಸಂಘಜೀವಿ’ ಎಷ್ಟೋ ಮೇಲು.

ನಿಮ್ಮ ಲೇಖನಕ್ಕೆ ನನ್ನ ಸಲಹೆ ಇಷ್ಟು: ‘ಪ್ರಾಣಿ’ಯನ್ನೇ ಉಳಿಸಿಕೊಳ್ಳಿ, ಆದರೆ ಮನುಷ್ಯರನ್ನು ಬೇರ್ಪಡಿಸಿದ ಕಡೆ ‘ಮನುಷ್ಯರು ಮತ್ತು ಇತರ ಪ್ರಾಣಿಗಳು’ ಎಂದು ಬರೆಯಿರಿ. ‘ಇತರ’ ಎಂಬ ಆ ಒಂದು ಪದದಿಂದ ಹಿಂದಿನ ಪುಟದ ಮಾತಿಗೂ ಇದಕ್ಕೂ ಇರುವ ವಿರೋಧ ಇಲ್ಲವಾಗುತ್ತದೆ.

ಉತ್ತರ 2

ಜೀವಶಾಸ್ತ್ರ ಕಲಿಸುವವಳಾಗಿ ಒಂದು ಮಾತು ಸೇರಿಸುತ್ತೇನೆ. ಮಕ್ಕಳ ಲೇಖನದಲ್ಲಿ ವಿಶಾಲವಾದ ಅರ್ಥವನ್ನು ಮೊದಲೇ ಸ್ಪಷ್ಟಪಡಿಸುವುದು ಅಗತ್ಯ, ಏಕೆಂದರೆ ದಿನಬಳಕೆಯ ಅರ್ಥ ಒಳಗೊಳ್ಳುವುದು ಪ್ರಾಣಿಲೋಕದ ತೀರ ಸಣ್ಣ ತುಣುಕನ್ನು. ಈವರೆಗೆ ವಿವರಿಸಲಾದ ಪ್ರಾಣಿಪ್ರಭೇದಗಳು ಸುಮಾರು 15 ಲಕ್ಷ. ಅವುಗಳಲ್ಲಿ ಸುಮಾರು 10 ಲಕ್ಷ ಕೀಟಗಳೇ. ಸಸ್ತನಿಗಳು ಆರೇಳು ಸಾವಿರವಷ್ಟೇ. ‘ಪ್ರಾಣಿಯೊಂದರ ಚಿತ್ರ ಬರೆಯಿರಿ’ ಎಂದರೆ ತರಗತಿಯ ಮಕ್ಕಳೆಲ್ಲರೂ ಈ ಆರೇಳು ಸಾವಿರದೊಳಗಿನ ಒಂದನ್ನೇ ಆರಿಸುತ್ತಾರೆ.

ವಿಜ್ಞಾನದ ಪ್ರಕಾರ ಪ್ರಾಣಿಯೆಂದರೆ ಬಹುಕೋಶೀಯವಾದ, ಕೋಶಭಿತ್ತಿಯಿಲ್ಲದ, ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದೆ ಬೇರೆ ಜೀವಿಗಳಿಂದ ಪಡೆಯುವ ಜೀವಿ. ಓಡಾಡುವುದು ಲಕ್ಷಣವೆಂದು ಬರೆಯಬೇಡಿ. ಕಡಲತಳಕ್ಕೆ ಅಂಟಿಕೊಂಡೇ ಬಾಳುವ ಸ್ಪಂಜು ಮತ್ತು ಹವಳಗಳು ಪ್ರಾಣಿಗಳೇ; ಮೆಲ್ಲಮೆಲ್ಲನೆ ಸರಿದಾಡುವ ಅಮೀಬಾ ಈಗ ಪ್ರಾಣಿಗಳ ಗುಂಪಿನಲ್ಲಿಲ್ಲ. ಹಳೆಯ ಪಠ್ಯಗಳಲ್ಲಿ ಅದನ್ನು ‘ಏಕಕೋಶ ಪ್ರಾಣಿ’ ಎನ್ನುತ್ತಿದ್ದರು. 1969ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣ ಬಳಕೆಗೆ ಬಂದ ಮೇಲೆ ಅಂಥ ಜೀವಿಗಳನ್ನು ಪ್ರತ್ಯೇಕವಾಗಿ ಇಡಲಾಗಿದೆ. ಅವುಗಳಿಗೆ ‘ಏಕಕೋಶ ಜೀವಿ’ ಎಂಬುದೇ ಸರಿ. ಮನುಷ್ಯನನ್ನು ಪ್ರಾಣಿಗಳೊಂದಿಗೆ ಎಣಿಸುವುದು ಇತ್ತೀಚಿನ ವಾಡಿಕೆಯೆಂದು ಕೆಲವರು ತಿಳಿಯುತ್ತಾರೆ. ಡಾರ್ವಿನ್‌ಗಿಂತ ನೂರು ವರ್ಷ ಮೊದಲೇ, 1758ರಲ್ಲಿ, ಸ್ವೀಡನ್ನಿನ ಜೀವಿವರ್ಗೀಕರಣಕಾರ ಲಿನೇಯಸ್ ಮನುಷ್ಯನನ್ನು ಕೋತಿಗಳ ಜೊತೆಗೆ ಪ್ರೈಮೇಟ್ ಗಣದಲ್ಲಿ ಇರಿಸಿದ್ದ.

ಉತ್ತರ 3

ಕಾನೂನಿನ ಬರವಣಿಗೆಯಲ್ಲಿ ಈ ಪದವನ್ನು ಕಂಡರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅಲ್ಲಿ ನಿಘಂಟಿನ ಅರ್ಥ ನಡೆಯುವುದಿಲ್ಲ. ಪ್ರತಿ ಕಾಯ್ದೆಯೂ ತನ್ನದೇ ವ್ಯಾಖ್ಯೆಯನ್ನು ಕೊಟ್ಟುಕೊಳ್ಳುತ್ತದೆ. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮನುಷ್ಯನ ಹೊರತು ಯಾವುದೇ ಜೀವಿ ‘ಅನಿಮಲ್’. ಬ್ರಿಟನ್ನಿನ 2006ರ ಪ್ರಾಣಿಕಲ್ಯಾಣ ಕಾಯ್ದೆಯಲ್ಲಿ ಅದು ಮನುಷ್ಯನ ಹೊರತಾದ ಕಶೇರುಕ, ಅಂದರೆ ಬೆನ್ನುಮೂಳೆಯುಳ್ಳ ಪ್ರಾಣಿ, ಮಾತ್ರ. ಅಲ್ಲಿಯೇ 2022ರಲ್ಲಿ ಬಂದ ಬೇರೊಂದು ಕಾಯ್ದೆ ಅಷ್ಟಪದಿಯ (ಆಕ್ಟೋಪಸ್) ವರ್ಗದ ಮೃದ್ವಂಗಿಗಳನ್ನೂ ಏಡಿ, ಸಿಗಡಿಗಳ ವರ್ಗವನ್ನೂ ಸೇರಿಸಿತು. ಅಮೆರಿಕದ ಪ್ರಾಣಿಕಲ್ಯಾಣ ಕಾಯ್ದೆಯ ವ್ಯಾಖ್ಯೆಯಿಂದ, 2002ರ ತಿದ್ದುಪಡಿಯಂತೆ, ಸಂಶೋಧನೆಗೆಂದೇ ಬೆಳೆಸಿದ ಇಲಿ, ಹೆಗ್ಗಣ ಮತ್ತು ಹಕ್ಕಿಗಳು ಹೊರಗಿವೆ. ಪ್ರಯೋಗಾಲಯದ ಇಲಿ ಪ್ರಾಣಿಯಲ್ಲವೆಂಬ ಮಾತು ಕಿವಿಗೆ ನೋವುಂಟುಮಾಡುತ್ತದೆ. ಆದರೂ ಅನುವಾದಕರು ಆ ವ್ಯಾಖ್ಯೆಯನ್ನು ಇದ್ದಂತೆಯೇ ಕೊಡಬೇಕು, ತಮ್ಮ ಅರಿವಿಗೆ ತಕ್ಕಂತೆ ಹಿಗ್ಗಿಸಬಾರದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಇತರ ಪ್ರಾಣಿಗಳು’ ಎಂಬ ಸಲಹೆಯನ್ನು ಈಗಾಗಲೇ ಅಳವಡಿಸಿಕೊಂಡಿದ್ದೇನೆ. ಒಂದು ಸಂದೇಹ ಉಳಿದಿದೆ: ಅರ್ಥಶಾಸ್ತ್ರದ ಲೇಖನವೊಂದರಲ್ಲಿ ‘ಅನಿಮಲ್ ಸ್ಪಿರಿಟ್ಸ್’ ಎಂದಿದೆ. ಅಲ್ಲಿ ಯಾವ ಪ್ರಾಣಿಯ ಪ್ರಸ್ತಾಪವೂ ಇಲ್ಲ.

ಉತ್ತರ 1 ಬರೆದವರಿಂದ

ಅಲ್ಲಿರುವುದು ನಾಮಪದವಲ್ಲ, ಲ್ಯಾಟಿನ್ ಮೂಲದಿಂದ ನೇರವಾಗಿ ಬಂದ ವಿಶೇಷಣ. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಪರಂಪರೆಯ ಹಳೆಯ ಯುರೋಪಿನ ವೈದ್ಯದಲ್ಲಿ, ಮೆದುಳಿನಲ್ಲಿ ಹುಟ್ಟಿ ನರಗಳಲ್ಲಿ ಹರಿದು ಇಂದ್ರಿಯಗಳನ್ನೂ ಅಂಗಗಳನ್ನೂ ನಡೆಸುವ ಸೂಕ್ಷ್ಮದ್ರವ್ಯಕ್ಕೆ ಈ ಹೆಸರಿತ್ತು; ‘ಅನಿಮಾ’ಕ್ಕೆ, ಅಂದರೆ ಚೇತನಕ್ಕೆ, ಸಂಬಂಧಿಸಿದ್ದು ಎಂದು ಅದರ ಅರ್ಥ. ಆ ವೈದ್ಯ ಹಿಂದೆ ಸರಿದರೂ ಪದ ಉಳಿಯಿತು. 1936ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಅದನ್ನು ಅರ್ಥಶಾಸ್ತ್ರಕ್ಕೆ ತಂದು, ಲೆಕ್ಕಾಚಾರದ ಫಲವಾಗಿರದೆ ತಾನಾಗಿಯೇ ಹುಟ್ಟಿ ಮನುಷ್ಯನನ್ನು ಕಾರ್ಯಕ್ಕೆ ಹಚ್ಚುವ ಪ್ರೇರಣೆಯೆಂಬ ಅರ್ಥದಲ್ಲಿ ಬಳಸಿದರು. ಆದ್ದರಿಂದ ‘ಪ್ರಾಣಿ’ ಎಂಬುದನ್ನು ಅಲ್ಲಿ ಪೂರ್ತಿ ಬಿಟ್ಟುಬಿಡಿ. ಹೂಡಿಕೆದಾರರ ಮನೋಭಾವದ ಸಂದರ್ಭದಲ್ಲಿ ‘ಸಹಜೋತ್ಸಾಹ’ ಎಂದು ಬರೆದು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು.